ಕೋವಿ ಕೈ ಬದಲಾಗುವಾಗ



ಕೋವಿಯ ಕುರಿತು ಮಾತಾಡಲು ಮೂಡುಬಿದಿರೆ ತಕ್ಕ ಊರೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಇದು ಸಾವಿರ ಕಂಬದ ಬಸದಿಯ ಊರು. ಕತ್ತಲಾಗುವ ಮೊದಲೇ ಊಟ ಮುಗಿಸಿ, ದೀಪಕ್ಕೆ ಬಂದು ಬೀಳುವ ಹುಳುವಿನ ಜೀವವನ್ನೂ ಲೆಕ್ಕಕ್ಕೆ ಹಿಡಿದ ಮನೆಗಳ ಊರು. ಆದರೆ ಇಲ್ಲಿಂದ ಮೂಡಣ ದಿಕ್ಕಿಗೆ ಹೊರಟು ನಾರಾವಿ, ದಿಡುಪೆ, ನೆರಿಯ, ಶಿಶಿಲಗಳ ಕಡೆ ಹೋದಂತೆ ಘಟ್ಟದ ಕಾಡು ತೋಟದ ಬೇಲಿಗೇ ಬಂದು ನಿಲ್ಲುತ್ತದೆ. ಅಲ್ಲಿ ಕೋವಿಯೆಂದರೆ ಹಾರೆ, ಪಿಕ್ಕಾಸಿಗಳ ಜೊತೆಯ ಒಂದು ಸಲಕರಣೆ. ಮಳೆಗಾಲದ ಏಣೆಲು ಗದ್ದೆಯಲ್ಲಿ ತೆನೆ ಬಲಿಯುವ ಹೊತ್ತಿಗೆ ಹಂದಿಯ ಹಿಂಡು ಒಂದು ರಾತ್ರಿ ಇಳಿದರೆ ಬೆಳಿಗ್ಗೆ ಉಳಿಯುವುದು ಕೆಸರು ಮಾತ್ರ. ಮಂಗಗಳು ಬೊಂಡ ಕಿತ್ತು, ಅಡಕೆಯ ನಳ್ಳಿ ಉದುರಿಸಿ ಹೋದ ತೋಟದಲ್ಲಿ ನಿಂತವನಿಗೆ ಅಹಿಂಸೆಯ ಪಾಠ ಹೇಳುವುದು ಸುಲಭದ ಮಾತಲ್ಲ.

ಇಂದಿನ ವಿಷಯ ಕೋವಿ ಬೇಕೇ ಬೇಡವೇ ಎಂಬುದಲ್ಲ. ಅದಕ್ಕಿಂತ ಚಿಕ್ಕದಾದ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಪ್ರಶ್ನೆ ಇದು: ಕೋವಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ, ಆ ಎರಡನೆಯ ಕೈ ಯಾರದೆಂದು ವಿಚಾರಿಸುವ ಹೊಣೆ ಯಾರದು? ಅಮೆರಿಕದಲ್ಲಿ ಇದೇ ಪ್ರಶ್ನೆ 30 ವರ್ಷಕ್ಕೂ ಮಿಕ್ಕಿ ರಾಜಕೀಯವನ್ನು ಕಲಕುತ್ತಿದೆ. ನಮ್ಮ ಮಕ್ಕಳು ಮೊಮ್ಮಕ್ಕಳು ಆ ದೇಶದ ಶಾಲೆಗಳಲ್ಲಿ ಓದುತ್ತಿರುವಾಗ ಅದು ನಮಗೆ ದೂರದ ಸುದ್ದಿಯಾಗಿ ಉಳಿದಿಲ್ಲ. ನಮ್ಮಲ್ಲೂ ಈ ಪ್ರಶ್ನೆ ಉಂಟು. ಅದಕ್ಕೆ ಕಾನೂನಿನ ಉತ್ತರವೂ ಉಂಟು. ಆ ಉತ್ತರ ನಮ್ಮ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಮೊದಲು ಆ ವಸ್ತುವನ್ನೇ ಹತ್ತಿರದಿಂದ ನೋಡೋಣ. ಕೇಪಿನ ಕೋವಿಯ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನೋ ಚಿಂದಿ ಬಟ್ಟೆಯನ್ನೋ ತುರುಕಿ ಗಜ ಹಾಕಿ ಜಡಿಯಬೇಕು. ಚರೆ ಹಾಕಿ, ಚರೆ ಹಿಂದೆ ಉರುಳದಂತೆ ಮತ್ತೊಮ್ಮೆ ನಾರು ತುರುಕಬೇಕು. ಕೊನೆಗೆ ಹಿಂಬದಿಯಲ್ಲಿ ಕೇಪು ಕೂರಿಸಿದರೆ ಒಂದು ಈಡು ಸಿದ್ಧ. ಅದು ಮುಗಿದ ಮೇಲೆ ಎರಡನೆಯ ಈಡಿಗೆ ಮತ್ತೆ ಮೊದಲಿನಿಂದ ಇಷ್ಟೂ ಕೆಲಸ. ತೋಟೆ ಕೋವಿ, ಅದು ಒಂಟಿ ನಳಿಗೆಯದಿರಲಿ ಜೋಡಿ ನಳಿಗೆಯದಿರಲಿ, ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಎರಡರಲ್ಲೂ ಒಂದು ನಂಬರು ಇರುತ್ತದೆ, ಲೋಹದಲ್ಲಿ ಕೆತ್ತಿದ್ದು. ಅದೇ ನಂಬರು ಲೈಸೆನ್ಸ್ ಪುಸ್ತಕದಲ್ಲೂ ಇರಬೇಕು. ನವೀಕರಣಕ್ಕೆ ಹೋದಾಗ ಠಾಣೆಯಲ್ಲಿ ಆ ಎರಡನ್ನೂ ತಾಳೆ ನೋಡುತ್ತಾರೆ. ನಂಬರು ಕಬ್ಬಿಣದ ಗುರುತು ಹೇಳುತ್ತದೆ. ಅದನ್ನು ಹಿಡಿದವನ ಗುಣ ತಿಳಿಯಲು ಬೇರೆಯೇ ವಿಚಾರಣೆ ಬೇಕು.

ಆ ವಿಚಾರಣೆಯಲ್ಲಿ ಏನನ್ನು ಕೇಳಬೇಕು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯ ಕಥೆ ನಮ್ಮ ಜಿಲ್ಲೆಯ ಸುತ್ತಲೇ ನಡೆದಿದೆ.

1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಪುತ್ತೂರು, ಬಂಟ್ವಾಳಗಳನ್ನು ದಾಟಿ ಮಂಗಳೂರು ಹೊಕ್ಕಿತು. ಸುಮಾರು ಎರಡು ವಾರ ಕಂಪೆನಿ ಸರಕಾರವನ್ನು ಅಲ್ಲಿಂದ ಓಡಿಸಿತು. ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆದದ್ದು ಇದನ್ನೇ. ದಂಗೆ ಅಡಗಿದ ಮೇಲೆ ಹಲವರು ನೇಣಿಗೇರಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಪದಕ ಕೊಟ್ಟಿತು. ಮುಂದೆ 1857ರ ಬಳಿಕ ದೇಶವನ್ನೇ ನಿರಾಯುಧಗೊಳಿಸುವ ಕ್ರಮಗಳು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಘೋಷಿಸಿದ. ಅದಕ್ಕೆ ಕೊಟ್ಟ ಕಾರಣ ಅವರ ನಿಷ್ಠೆ ಮತ್ತು ಶೌರ್ಯ. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಈ ಎಲ್ಲ ಕ್ರಮಗಳ ಹಿಂದಿದ್ದ ಪ್ರಶ್ನೆ ಒಂದೇ: ಇವನು ನಮ್ಮವನೋ ಅಲ್ಲವೋ? ನೆರೆಮನೆಯವರಿಗೆ ಇವನಿಂದ ಅಪಾಯವುಂಟೇ ಎಂದು ಆ ಸರಕಾರ ಕೇಳಲಿಲ್ಲ. ಆಳುವವನಿಗೆ ಅಪಾಯವುಂಟೇ ಎಂದಷ್ಟೇ ಕೇಳಿತು.

ಕೊಡಗಿನ ವಿನಾಯಿತಿ ಇಂದಿಗೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೋವಿಯನ್ನು ಹುಟ್ಟು ಸಾವುಗಳ ಆಚರಣೆಯೊಳಗೇ ಇಟ್ಟುಕೊಂಡ, ಕೈಲ್‌ಪೊಳ್ದ್‌ನಲ್ಲಿ ಹೂವಿಟ್ಟು ಪೂಜಿಸುವ ಆ ಜನರ ಪರಂಪರೆಯ ಮೇಲೆ ನನಗೆ ಗೌರವವಿದೆ. ಆದರೆ ಸಂಪಾಜೆ ಘಟ್ಟದ ಮೇಲಿನ ಒಂದು ಕೋವಿಗೂ ಕೆಳಗಿನ ಅಂಥದೇ ಕೋವಿಗೂ ಬೇರೆಬೇರೆ ನಿಯಮ ಬಂದದ್ದು 19ನೆಯ ಶತಮಾನದ ಒಬ್ಬ ಅಧಿಕಾರಿಯ ಮೆಚ್ಚುಗೆಯಿಂದ ಎಂಬುದನ್ನು ಮರೆಯಬಾರದು.

1878ರ ಕಾಯ್ದೆಯನ್ನು ರಾಷ್ಟ್ರೀಯ ಚಳವಳಿ ಅವಮಾನವೆಂದೇ ಕಂಡಿತು. 1931ರ ಕರಾಚಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು. ಮುಂದೆ ಆ ಮಾತನ್ನು ಸಂವಿಧಾನ ಸಭೆಯಲ್ಲಿ ಎತ್ತಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಐಸಿಎಸ್ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕಿಳಿದವರು; ಮಧ್ಯಪ್ರಾಂತದಿಂದ ಸಭೆಗೆ ಬಂದವರು. 1948ರ ಡಿಸೆಂಬರ್ ಮೊದಲ ವಾರ, ಇಂದು 19ನೆಯ ವಿಧಿಯಾಗಿರುವ ಭಾಗ ಚರ್ಚೆಗೆ ಬಂದಾಗ, ಆಯುಧ ಹೊಂದುವ ಹಕ್ಕನ್ನು ಅದರಲ್ಲಿ ಸೇರಿಸುವ ತಿದ್ದುಪಡಿಯನ್ನು ಅವರು ಮಂಡಿಸಿದರು. ಕರಾಚಿಯ ಠರಾವನ್ನು ನೆನಪಿಸಿದರು. ಹಕ್ಕು ನಿರಂಕುಶವಾಗಿರಲಿ ಎಂದು ಅವರೂ ಹೇಳಲಿಲ್ಲ. ಸಂಸತ್ತು ಮಾಡುವ ನಿಯಮಗಳಿಗೆ ಅದು ಒಳಪಟ್ಟಿರಲಿ ಎಂದೇ ಅವರ ತಿದ್ದುಪಡಿ ಹೇಳುತ್ತಿತ್ತು.

ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ತಡೆಯಿಲ್ಲದೆ ಆಯುಧ ಕೊಂಡು ತರಬಹುದಾದರೆ ರಾಜ್ಯ ನಡೆಯುವುದಾದರೂ ಹೇಗೆ ಎಂಬುದು ಅವರ ಉತ್ತರದ ತಿರುಳು. ಅದನ್ನು ಎಲ್ಲರ ಮೂಲಭೂತ ಹಕ್ಕೆಂದು ಬರೆದರೆ ಅಪರಾಧವನ್ನೇ ಕಸುಬು ಮಾಡಿಕೊಂಡವನೂ ಆ ಹಕ್ಕನ್ನು ಕೇಳಬಹುದು ಎಂದು ಅವರು ಎಚ್ಚರಿಸಿದರು. ತಿದ್ದುಪಡಿ ಬಿದ್ದುಹೋಯಿತು.

ಈ ಚರ್ಚೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಪರಕೀಯ ಸರಕಾರ ಜನರನ್ನು ನಂಬಲಿಲ್ಲ. ಸ್ವಂತ ಸರಕಾರವಾದರೂ ನಂಬಬೇಡವೇ ಎಂಬ ನೋವು ಕಾಮತರ ಮಾತಿನಲ್ಲಿದೆ. ಆ ನೋವು ನಿಜವಾದದ್ದು. ಆದರೂ ತೀರ್ಮಾನದಲ್ಲಿ ಅಂಬೇಡ್ಕರರೇ ಸರಿ ಎಂದು ನನ್ನ ನಿಲುವು. ಕೋವಿಯ ವಿಷಯದಲ್ಲಿ ನಂಬಿಕೆಯನ್ನು ಒಬ್ಬೊಬ್ಬನನ್ನೂ ವಿಚಾರಿಸಿ ಕೊಡಬೇಕು. ಸಂವಿಧಾನದ ಒಂದು ಸಾಲಿನಲ್ಲಿ ಕೋಟಿ ಜನರಿಗೆ ಒಟ್ಟಾಗಿ ಹಂಚಲು ಬರುವುದಿಲ್ಲ. ಹಾಗೆಯೇ, ಒಂದು ಆದೇಶದಲ್ಲಿ ಎಲ್ಲರಿಂದ ಒಟ್ಟಾಗಿ ಕಸಿದುಕೊಳ್ಳಲೂ ಬರುವುದಿಲ್ಲ. ಈ ಎರಡನೆಯ ಮಾತಿಗೆ ಮುಂದೆ ಬರುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಶ್ನೆಯನ್ನೇ ಬದಲಿಸಿತು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಕಾರಣಕ್ಕೆ ಮಾತ್ರ ಪರವಾನಗಿ ನಿರಾಕರಿಸಕೂಡದು ಎಂದು ಅದರ 14ನೆಯ ಕಲಂ ಹೇಳುತ್ತದೆ. ವರ್ಗದಾರನ ಚಾವಡಿಗೆ ಮಾತ್ರ ಒಲಿಯುತ್ತಿದ್ದ ಕೋವಿ, ಒಕ್ಕಲಿನ ಮನೆಗೂ ಬರಬಹುದಾದ ದಾರಿ ಅದು. 9ನೆಯ ಕಲಂ ಯಾರ ಕೈಗೆ ಕೋವಿ ಹೋಗಬಾರದೆಂದು ಹೇಳುತ್ತದೆ: 21 ವರ್ಷ ತುಂಬದವರು, ಹಿಂಸೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿ ಇನ್ನೂ 5 ವರ್ಷ ಕಳೆಯದವರು, ಶಾಂತಿ ಕಾಪಾಡುವ ಮುಚ್ಚಳಿಕೆಯ ಅವಧಿಯಲ್ಲಿರುವವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು. ನಿಷ್ಠೆ ಮತ್ತು ಆಸ್ತಿಯ ಜಾಗಕ್ಕೆ ನಡತೆ ಬಂತು. 2016ರ ನಿಯಮಗಳು ಇದಕ್ಕೆ ವೈದ್ಯರ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ, ಮನೆಯಲ್ಲಿ ಸುರಕ್ಷಿತವಾಗಿಡುವ ಹೊಣೆ ಇವನ್ನು ಸೇರಿಸಿದವು. ಪ್ರತಿ ಪರವಾನಗಿದಾರನೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಸಂಖ್ಯೆ ಪಡೆದ.

ಈಗ ಖಾಸಗಿ ಮಾರಾಟದ ವಿಷಯ. ಕಾಯ್ದೆಯ 5ನೆಯ ಕಲಮಿನಲ್ಲಿ ಒಂದು ಸಣ್ಣ ಉಪಬಂಧವಿದೆ. ಸ್ವಂತ ಬಳಕೆಗೆ ಇಟ್ಟುಕೊಂಡ ಕೋವಿಯನ್ನು ಒಬ್ಬ ಕೃಷಿಕ ವ್ಯಾಪಾರದ ಲೈಸೆನ್ಸಿಲ್ಲದೆಯೇ ಮಾರಬಹುದು. ಕೊಳ್ಳುವವನಿಗೆ ಕೋವಿ ಹೊಂದುವ ಅರ್ಹತೆ ಇರಬೇಕು. ಆದರೆ ಮಾರುವ ಮೊದಲು, ಕೊಳ್ಳುವವನ ಹೆಸರು ವಿಳಾಸದೊಂದಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಯ ಅಧಿಕಾರಿಗೋ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಾಯಬೇಕು. ಆ 45 ದಿನಗಳಲ್ಲಿ ಇಲಾಖೆ ವಿಚಾರಿಸಬಹುದು. ಕೋಪದಲ್ಲಿ ಕೊಳ್ಳಲು ಹೊರಟವನ ಕೋಪ ಇಳಿಯಲೂ ಅಷ್ಟು ದಿನ ಸಾಕು.

ಇನ್ನೊಂದು ಮಾತನ್ನು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ಈ ಕಾಯ್ದೆಯ ಭಾಷೆಯಲ್ಲಿ ಹಸ್ತಾಂತರ ಎಂಬ ಪದಕ್ಕೆ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ದಾನ ಕೊಡುವುದು ಎಲ್ಲವೂ ಸೇರುತ್ತದೆ. ನಮ್ಮ ತೋಟಗಳಲ್ಲಿ ದೋಟಿಯನ್ನು ನೆರೆಯವನಿಗೆ ಕೊಡುವ ಹಾಗೆ ಕೋವಿಯನ್ನೂ ಒಂದು ರಾತ್ರಿಗೆ ಕೊಡುವ ರೂಢಿ ಇತ್ತು. ನಾಳೆ ತಂದುಕೊಡುತ್ತೇನೆ ಎನ್ನುವ ನೆರೆಯವನಿಗೆ ಇಲ್ಲವೆನ್ನುವುದು ಕಷ್ಟ. ಆದರೆ ಕಾನೂನಿನ ಕಣ್ಣಿಗೆ ಅದು ಕೋವಿ ಕೈ ಬದಲಾದ ಗಳಿಗೆ. ಪಡೆಯುವವನಿಗೆ ಅರ್ಹತೆ ಉಂಟೇ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ಕೊಟ್ಟವನನ್ನು 29ನೆಯ ಕಲಂ ತಪ್ಪಿತಸ್ಥನೆನ್ನುತ್ತದೆ. ವಿಚಾರಿಸುವ ಹೊಣೆ ಸರಕಾರದ್ದಷ್ಟೇ ಅಲ್ಲ, ಕೊಡುವವನದೂ ಹೌದು ಎಂಬ ಈ ತತ್ತ್ವ ನನಗೆ ತುಂಬ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಅಮೆರಿಕ ಎಡವಿದ್ದು ಇಲ್ಲಿಯೇ. ಅಧ್ಯಕ್ಷ ರೇಗನ್ ಮೇಲೆ 1981ರಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಗಾಯಗೊಂಡ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯ ಹೆಸರಿನಲ್ಲಿ 1993ರಲ್ಲಿ ಬಂದ ಕಾಯ್ದೆ, ಲೈಸೆನ್ಸ್ ಪಡೆದ ವ್ಯಾಪಾರಿಗೆ ಗಿರಾಕಿಯ ಹಿನ್ನೆಲೆ ವಿಚಾರಿಸುವುದನ್ನು ಕಡ್ಡಾಯ ಮಾಡಿತು. 1998ರಿಂದ ಅದು ತಕ್ಷಣವೇ ಉತ್ತರಿಸುವ ರಾಷ್ಟ್ರೀಯ ವ್ಯವಸ್ಥೆಯಾಯಿತು. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನದೇ ರಾಜ್ಯದ ಇನ್ನೊಬ್ಬನಿಗೆ ಮಾರುವಾಗ ಒಕ್ಕೂಟದ ಕಾನೂನು ಈ ವಿಚಾರಣೆಯನ್ನು ಕೇಳುವುದಿಲ್ಲ. ಕೊಳ್ಳುವವನು ಅನರ್ಹನೆಂದು ಗೊತ್ತಿದ್ದೂ ಮಾರಕೂಡದು, ಅಷ್ಟೇ. ಗೊತ್ತುಮಾಡಿಕೊಳ್ಳಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ಈ ಕಂಡಿಯನ್ನು ಮುಚ್ಚಿಕೊಂಡಿವೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಸತ್ತ ಬಳಿಕ ಇಡೀ ದೇಶಕ್ಕೆ ಅನ್ವಯಿಸುವಂತೆ ಅದನ್ನು ಮುಚ್ಚಲು ಬಂದ ತಿದ್ದುಪಡಿಗೆ 2013ರ ಏಪ್ರಿಲ್‌ನಲ್ಲಿ ಸೆನೆಟ್‌ನಲ್ಲಿ 54 ಮತಗಳು ಬಿದ್ದವು. ಬೇಕಿದ್ದದ್ದು 60.

ಅಲ್ಲಿ ವಿರೋಧಿಸುವವರ ವಾದಗಳನ್ನು ತಳ್ಳಿಹಾಕದೆ ಕೇಳಬೇಕು. ಖಾಸಗಿ ಮಾರಾಟವನ್ನೆಲ್ಲ ಬರೆದಿಡುತ್ತ ಹೋದರೆ ಅದು ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿಯಾಗುತ್ತದೆ, ಪಟ್ಟಿ ಸಿಕ್ಕ ಸರಕಾರ ನಾಳೆ ಕಸಿಯಲು ಬರುತ್ತದೆ ಎಂಬ ಭಯ ಒಂದು. 1837ರ ಕಥೆ ಬಲ್ಲ ನಮಗೆ ಈ ಭಯ ಅರ್ಥವಾಗಬೇಕು. ಆದರೆ ನಮ್ಮಲ್ಲಿ ಆ ಪಟ್ಟಿ ತಲೆತಲಾಂತರದಿಂದ ಇದೆ. ಅದು ಕೆಟ್ಟದಾಗಿ ಬಳಕೆಯಾಗದಂತೆ ತಡೆಯುವುದು ಮೇಲ್ಮನವಿ, ನ್ಯಾಯಾಲಯ, ಕಾರಣ ಬರೆದುಕೊಡಬೇಕೆಂಬ ನಿಯಮ. ಅದಕ್ಕಾಗಿ ಪಟ್ಟಿಯನ್ನೇ ಇಲ್ಲವಾಗಿಸಬೇಕಿಲ್ಲ.

ಎರಡನೆಯ ವಾದ ಹೆಚ್ಚು ಗಟ್ಟಿಯಾದದ್ದು: ಕೇಡು ಬಯಸುವವನು ಅರ್ಜಿ ಬರೆದು ಕಾಯುತ್ತಾನೆಯೇ? ಕನ್ನಡಿಗರಾದ ನಮಗೆ ಇದಕ್ಕೆ ಉದಾಹರಣೆ ಹೊರಗಿನಿಂದ ತರಬೇಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದ ಗುಂಡುಗಳು 7.65 ಮಿ.ಮೀ. ನಾಡಪಿಸ್ತೂಲಿನವು, ಎರಡೂ ಕಡೆ ಒಂದೇ ಪಿಸ್ತೂಲು ಬಳಕೆಯಾಗಿತ್ತು ಎಂದು ತನಿಖೆ ಹೇಳಿತು. ಆ ಪಿಸ್ತೂಲು ಯಾವ ಲೈಸೆನ್ಸ್ ಪುಸ್ತಕದಲ್ಲೂ ಇರಲಿಲ್ಲ. ಹಾಗಾದರೆ ಪುಸ್ತಕ ವ್ಯರ್ಥವೇ? ನನಗೆ ಹಾಗೆ ತೋರುವುದಿಲ್ಲ. ಎಲ್ಲ ಕೋವಿಗಳೂ ಬರಹದೊಳಗಿದ್ದಾಗ ಮಾತ್ರ ಬರಹದ ಹೊರಗಿನದ್ದು ಅಪರಾಧವಾಗಿ ಕಾಣುತ್ತದೆ. ಹಿಡಿಯುವವನಿಗೆ ಹಿಡಿಯಲು ಹಿಡಿ ಸಿಗುತ್ತದೆ. ಮಾರಾಟವೇ ಬರಹವಿಲ್ಲದೆ ನಡೆಯುವ ಕಡೆ ಸಾಚಾ ಯಾವುದು, ಕಳ್ಳಮಾಲು ಯಾವುದು ಎಂದು ಹೇಳುವವರಿಲ್ಲ.

ಅಮೆರಿಕದ ಇನ್ನೊಂದು ಅನುಭವ ನಮಗೆ ನೇರವಾಗಿ ತಾಗುತ್ತದೆ. ಅಲ್ಲಿ ವಿಚಾರಣೆಯ ಉತ್ತರ ಮೂರು ಕೆಲಸದ ದಿನಗಳಲ್ಲಿ ಬಾರದಿದ್ದರೆ ವ್ಯಾಪಾರಿ ಮಾರಿಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ 9 ಮಂದಿಯನ್ನು ಕೊಂದವನ ಕೈಗೆ ಪಿಸ್ತೂಲು ಬಂದದ್ದು ಹೀಗೆ, ಉತ್ತರ ತಡವಾದ್ದರಿಂದ. ನಮ್ಮಲ್ಲಿ ಇದರ ತದ್ವಿರುದ್ಧ. ಪೊಲೀಸ್ ವರದಿಗೆ 30 ದಿನದ ಗಡುವು ಇದೆ, ಬಾರದಿದ್ದರೆ ಕಾಯದೆ ತೀರ್ಮಾನಿಸುವ ಅಧಿಕಾರವೂ ಪರವಾನಗಿ ಪ್ರಾಧಿಕಾರಕ್ಕೆ ಇದೆ. ಆದರೂ ಕಡತ ಮೇಜಿನಿಂದ ಮೇಜಿಗೆ ಹೋಗುತ್ತ ಒಂದು ಏಣೆಲು, ಒಂದು ಸುಗ್ಗಿ ಕಳೆಯುತ್ತದೆ. ಅಲ್ಲಿ ಸರಕಾರದ ಮೌನಕ್ಕೆ ಹೌದು ಎಂದು ಅರ್ಥ. ಇಲ್ಲಿ ಇಲ್ಲ ಎಂದು ಅರ್ಥ. ಎರಡೂ ವಿಚಾರಣೆಯಲ್ಲ. ವಿಚಾರಣೆಯೆಂದರೆ ಒಬ್ಬ ಅಧಿಕಾರಿ ಒಬ್ಬ ಮನುಷ್ಯನ ಬಗ್ಗೆ ತಿಳಿದುಕೊಂಡು, ಕಾರಣ ಬರೆದು, ತನ್ನ ಸಹಿಯೊಂದಿಗೆ ಹೇಳುವ ಉತ್ತರ.

ನಮ್ಮ ಮೂರು ತಾಲೂಕುಗಳಲ್ಲಿ ಅರ್ಜಿ ಹೋಗುವ ದಾರಿಯೂ ಒಂದೇ ಅಲ್ಲ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿದ್ದು. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸಿಗೆ. ಒಂದೇ ಕಣಿ ಎರಡು ತೋಟಗಳ ನಡುವಿನ ಗಡಿಯಾಗಿರುವ ನೆರೆಯವರ ಅರ್ಜಿಗಳು ಬೇರೆ ಬೇರೆ ಕಚೇರಿಗೆ ಹೋಗುತ್ತವೆ. ಹಂದಿಗೆ ಈ ಸರಹದ್ದು ಗೊತ್ತಿಲ್ಲ.

ಈಗ ಹಿಂದೆ ಬಾಕಿ ಇಟ್ಟ ಮಾತು: ಒಂದು ಆದೇಶದಲ್ಲಿ ಎಲ್ಲರಿಂದ ಒಟ್ಟಾಗಿ ಕೋವಿ ಕಸಿದುಕೊಳ್ಳುವುದು. ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಗೆ ತಂದು ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. ಚುನಾವಣಾ ಆಯೋಗದ ಸೂಚನೆ ಹೇಳುವುದು ಬೇರೆ: ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬ ಪರವಾನಗಿದಾರನನ್ನೂ ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರು ಇಂಥವರಿಂದ ಕೋವಿ ಪಡೆಯಬೇಕು. ಬಾಂಬೆ ಹೈಕೋರ್ಟು 2009ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಎತ್ತಿದ ಪ್ರಶ್ನೆಗಳ ಬಳಿಕ ಈ ಕ್ರಮ ಸ್ಪಷ್ಟವಾಯಿತು. ಆದರೂ ನಮ್ಮ ಕಡೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿ ಬಂದಿದೆ. 40 ವರ್ಷ ಒಂದೂ ದೂರಿಲ್ಲದೆ ಕೋವಿ ಇಟ್ಟುಕೊಂಡ ಮುದುಕನೂ, ಕಳೆದ ವರ್ಷ ಹೊಡೆದಾಟದಲ್ಲಿ ಹೆಸರು ಬಂದವನೂ ಒಂದೇ ಬೆಂಚಿನಲ್ಲಿ ಕೂತು ರಶೀದಿಗೆ ಕಾಯುತ್ತಾರೆ. ಜಿಲ್ಲೆಯ ಕೃಷಿಕರು ಇದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದ್ದಾರೆ. ನಾನು ಅವರ ಪಕ್ಷದಲ್ಲಿದ್ದೇನೆ, ಹಿನ್ನೆಲೆ ವಿಚಾರಣೆಯನ್ನು ಒಪ್ಪುವವನಾದ ಕಾರಣಕ್ಕೇ. ಎಲ್ಲರನ್ನೂ ಒಟ್ಟಾಗಿ ಶಂಕಿಸಿದರೆ ಯಾರನ್ನೂ ವಿಚಾರಿಸಿದಂತಾಗುವುದಿಲ್ಲ. ಕೋವಿಯಿಲ್ಲದ ತೋಟದಲ್ಲಿ ಉರುಳು, ವಿದ್ಯುತ್ ಹರಿಸಿದ ತಂತಿ, ಸಿಡಿಮದ್ದು ತಲೆ ಎತ್ತಿದರೆ ಹಂದಿಯ ಜೊತೆ ದನವೂ ಮನುಷ್ಯನೂ ಸಾಯುತ್ತಾರೆ.

ಕೃಷಿಕ ಮಿತ್ರರಿಗೂ ಒಂದು ಮಾತು ಹೇಳಲೇಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲೂ ಅನುಮತಿ ಬೇಕು. ನಮ್ಮ ಕೋವಿಯ ಕೆಲಸ ಹೆಚ್ಚಿನ ಮಟ್ಟಿಗೆ ಸದ್ದು ಮಾಡಿ ಓಡಿಸುವುದು.

ಇಷ್ಟೆಲ್ಲ ಗದ್ದಲದ ನಡುವೆ ಯಾರೂ ನೋಡದ ಒಂದು ಕೈ ಬದಲಾವಣೆ ಇದೆ. ಅದು ಸಾವಿನ ಮನೆಯಲ್ಲಿ ನಡೆಯುತ್ತದೆ. ಯಜಮಾನರು ತೀರಿಕೊಳ್ಳುತ್ತಾರೆ, ಬೊಜ್ಜದ ಕ್ರಿಯೆ ಮುಗಿಯುತ್ತದೆ, ಜಾಗದ ಕಾಗದ, ಬ್ಯಾಂಕಿನ ಪುಸ್ತಕ ಎಲ್ಲ ಮಕ್ಕಳ ಹೆಸರಿಗೆ ಆಗುತ್ತವೆ. ಕೋವಿ ಮಾತ್ರ ಅಟ್ಟದಲ್ಲಿ ಗೋಣಿ ಸುತ್ತಿಕೊಂಡು ಉಳಿಯುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುತ್ತಾರೆ. ಮನೆ ನೋಡಿಕೊಳ್ಳುವವನಿಗೆ ಅದು ಎಲ್ಲಿದೆ ಎಂದು ಗೊತ್ತು. ಲೈಸೆನ್ಸ್ ಪುಸ್ತಕದಲ್ಲಿರುವುದು ಸತ್ತವರ ಹೆಸರು. ಮಾರಾಟವಿಲ್ಲ, ಹಣವಿಲ್ಲ, ವಿಚಾರಣೆಯೂ ಇಲ್ಲ. ಅಮೆರಿಕದವರು ಮುಚ್ಚಲು ಹೆಣಗುತ್ತಿರುವ ಕಂಡಿಯ ನಮ್ಮ ಮನೆಯ ರೂಪ ಇದು.

ಕಾನೂನು ಇದಕ್ಕೂ ದಾರಿ ಇಟ್ಟಿದೆ. ಪರವಾನಗಿದಾರ ತೀರಿಕೊಂಡರೆ ವಾರಸುದಾರರು ತಡಮಾಡದೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಬೇಕೆನಿಸಿದರೆ ವಾರಸುದಾರನೇ ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಬೇಡವಾದರೆ ಅರ್ಹರಿಗೆ ಮಾರಬಹುದು. ಸಾವಿಗೆ ಕಾಯಬೇಕೆಂದೂ ಇಲ್ಲ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದಾಗ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಬಹುದು ಎಂದು 2016ರ ನಿಯಮ ಹೇಳುತ್ತದೆ. ಹಾಗೆ ಮಾಡಿದರೆ ಮಗನ ನಡತೆಯನ್ನೂ ಆರೋಗ್ಯವನ್ನೂ ವಿಚಾರಿಸಿಯೇ ಕೋವಿ ಅವನ ಕೈಗೆ ಹೋಗುತ್ತದೆ. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದದ್ದು 2 ಮಾತ್ರ. ಪರವಾನಗಿಯ ಅವಧಿ 5 ವರ್ಷ.

ಇಲಾಖೆಯವರಲ್ಲಿ ನನ್ನ ಬೇಡಿಕೆ ಮೂರೇ. ಹಸ್ತಾಂತರದ ತಿಳಿವಳಿಕೆ ಪತ್ರಕ್ಕೂ ವಾರಸುದಾರರ ಅರ್ಜಿಗೂ ಅದೇ ದಿನ ರಶೀದಿ ಕೊಡಿ. ಗಡುವಿನೊಳಗೆ ಕಾರಣ ಬರೆದ ಉತ್ತರ ಕೊಡಿ. ಚುನಾವಣೆಯ ಪಟ್ಟಿಯನ್ನು ಚುನಾವಣೆ ಬರುವ ಮೊದಲೇ, ಹೆಸರು ಹೆಸರಾಗಿ, ಸಮಿತಿಯ ಮುಂದಿಡಿ.

ಸಭಿಕ ಬಂಧುಗಳಲ್ಲಿ ಒಂದೇ ಕೋರಿಕೆ. ಇಂದು ಮನೆಗೆ ಹೋದ ಮೇಲೆ ಲೈಸೆನ್ಸ್ ಪುಸ್ತಕವನ್ನು ತೆರೆಯಿರಿ. ಅದರಲ್ಲಿರುವ ಹೆಸರು ಯಾರದು, ಅವಧಿ ಎಂದಿಗೆ ಮುಗಿಯುತ್ತದೆ, ನಳಿಗೆಯ ನಂಬರಿಗೆ ಪುಸ್ತಕದ ನಂಬರು ತಾಳೆಯಾಗುತ್ತದೆಯೇ ಎಂದು ನೋಡಿ. ಹೆಸರಿನವರು ತೀರಿಕೊಂಡಿದ್ದರೆ ಈ ವಾರವೇ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯಿರಿ.